ಅಧ್ಯಕ್ಷರ ಡಾಲರ್ ನಾಣ್ಯ: ಮುಖಕ್ಕಿಂತ ಮೊದಲು ಅಂಚು ನೋಡಿ

ನ್ಯೂಜೆರ್ಸಿಯಲ್ಲಿ ರೈಲು ಟಿಕೆಟ್ ಮಷಿನ್‌ಗೆ ದೊಡ್ಡ ನೋಟು ಹಾಕಿದರೆ ಚಿಲ್ಲರೆಯಾಗಿ ಹೊಂಬಣ್ಣದ ಒಂದು ಡಾಲರ್ ನಾಣ್ಯಗಳು ಬೀಳುತ್ತಿದ್ದವು. ಅವುಗಳಲ್ಲಿ ಅಮೆರಿಕದ ಹಳೆಯ ಅಧ್ಯಕ್ಷರ ಮುಖಗಳು ಸಿಗತೊಡಗಿದ ಮೇಲೆ ನಾನು ಅವನ್ನು ಖರ್ಚು ಮಾಡುವುದನ್ನೇ ಬಿಟ್ಟೆ.

2005ರ ಕಾನೂನಿನಂತೆ 2007ರಿಂದ ವರ್ಷಕ್ಕೆ ನಾಲ್ಕು ನಾಣ್ಯ ಬಂದವು. ಯಾರು ಮೊದಲು ಆಳಿದರೋ ಅವರ ನಾಣ್ಯ ಮೊದಲು. ವಾಷಿಂಗ್ಟನ್, ಆಡಮ್ಸ್, ಜೆಫರ್ಸನ್, ಮ್ಯಾಡಿಸನ್, ಹೀಗೆ ಸಾಲಾಗಿ. ಸುಮಾರು ಒಂದೇ ತಿಂಗಳು ಅಧ್ಯಕ್ಷರಾಗಿದ್ದ ವಿಲಿಯಂ ಹೆನ್ರಿ ಹ್ಯಾರಿಸನ್‌ಗೂ ಒಂದು ನಾಣ್ಯವಿದೆ. ನಡುವೆ ಬಿಡುವು ಕೊಟ್ಟು ಎರಡು ಸಲ ಆಳಿದ ಕ್ಲೀವ್‌ಲ್ಯಾಂಡ್‌ಗೆ ಎರಡು.

ಆದರೆ ಜನ ಈ ನಾಣ್ಯಗಳನ್ನು ಬಳಸಲಿಲ್ಲ. ನೂರು ಕೋಟಿಗೂ ಜಾಸ್ತಿ ಡಾಲರ್ ನಾಣ್ಯಗಳು ಖಜಾನೆಯಲ್ಲೇ ಬಿದ್ದವು. ಹಾಗಾಗಿ 2011ರ ಕೊನೆಗೆ ಚಲಾವಣೆಗೆಂದು ಅಚ್ಚು ಹಾಕುವುದು ನಿಂತಿತು. 2012ರಿಂದ ಬಂದವು ಸಂಗ್ರಾಹಕರಿಗೆ ಮಾತ್ರ. ನಾನು ದುಡ್ಡು ಹಾಕಿದ್ದು ಈ ಗೆರೆ ನೋಡಿಕೊಂಡೇ. ಗಾರ್ಫೀಲ್ಡ್‌ವರೆಗಿನ 20 ನಾಣ್ಯಗಳನ್ನು ಮುಖಬೆಲೆಗೇ ಹುಡುಕಿದೆ. ಬ್ಯಾಂಕಿನಲ್ಲಿ ಕೇಳಿದರೆ 25ರ ರೋಲ್ ಕೊಡುತ್ತಿದ್ದರು. ಬೇಕಾದ್ದನ್ನು ಆರಿಸಿ ಉಳಿದದ್ದನ್ನು ವಾಪಸ್ ಕೊಟ್ಟರಾಯಿತು. ಆರ್ಥರ್‌ನಿಂದ ಮುಂದಕ್ಕೆ ಮಾತ್ರ ಜಾಸ್ತಿ ಬೆಲೆ ಕೊಡಲೇಬೇಕು. ಗೆಳೆಯರು ಸೇರಿ ಒಂದು ರೋಲ್ ತರಿಸಿ ಹಂಚಿಕೊಂಡೆವು.

ಈ ನಾಣ್ಯದ ಸೊಗಸೆಲ್ಲ ಅಂಚಿನಲ್ಲಿದೆ. ಇಸವಿ ಮುಖದ ಮೇಲಿಲ್ಲ, ಅಂಚಿನಲ್ಲಿದೆ. ಟಂಕಸಾಲೆಯ ಗುರುತೂ ಅಲ್ಲೇ. ಪಿ ಎಂದರೆ ಫಿಲಡೆಲ್ಫಿಯಾ, ಡಿ ಎಂದರೆ ಡೆನ್ವರ್. 'ಇನ್ ಗಾಡ್ ವಿ ಟ್ರಸ್ಟ್' ಎಂಬ ಅಮೆರಿಕದ ಧ್ಯೇಯವಾಕ್ಯ ಕೂಡ ಮೊದಲು ಅಂಚಿನಲ್ಲೇ ಇತ್ತು, 2009ರಲ್ಲಿ ಮುಖಕ್ಕೆ ಬಂತು. ಹೀಗಾಗಿ ಆಲ್ಬಮ್‌ಗೆ ಸೇರಿಸಿದ ಮೇಲೆ ಪಿ ಯಾವುದು, ಡಿ ಯಾವುದು ಗೊತ್ತಾಗಲ್ಲ. ನಾನು ಲೆನ್ಸ್ ಹಿಡಿದು ಅಂಚು ಓದಿ, ಚೀಟಿ ಬರೆದು, ಆಮೇಲೇ ಒಳಗಿಡುತ್ತೇನೆ.

ಅಂಚಿನ ಬರಹವನ್ನು ಒತ್ತುವುದು ಬೇರೆ ಮಷಿನ್. 2007ರಲ್ಲಿ ಬಹಳಷ್ಟು ವಾಷಿಂಗ್ಟನ್ ನಾಣ್ಯಗಳು ಅದಕ್ಕೆ ಹೋಗದೇ ಹೊರಬಂದವು. ಆ ಬೋಳು ಅಂಚಿನ ನಾಣ್ಯಕ್ಕೆ ಒಳ್ಳೆಯ ಬೆಲೆ ಇದೆ. ಕೊಳ್ಳುವ ಮುಂಚೆ ತೂಕ, ಅಗಲ ನೋಡಿ: 8.1 ಗ್ರಾಂ, 26.5 ಮಿಲಿಮೀಟರ್. ಅಂಚು ಉಜ್ಜಿ ಬರಹ ಅಳಿಸಿದ್ದರೆ ಎರಡೂ ಕಡಿಮೆ ಬರುತ್ತದೆ. ಇನ್ನು, ಬರಹ ತಲೆಕೆಳಗಾಗಿದೆ ಎಂದು ಯಾರಾದರೂ ಜಾಸ್ತಿ ಕೇಳಿದರೆ ಕೊಡಬೇಡಿ. ನಾಣ್ಯ ಮಷಿನ್‌ಗೆ ಹೇಗೆ ಬಿದ್ದರೆ ಹಾಗೆ ಒತ್ತುತ್ತಿದ್ದರು, ಎರಡು ಬಗೆಯೂ ಸಾಮಾನ್ಯ.

ಒಳಗೆ ತಾಮ್ರ, ಮೇಲೆ ಮ್ಯಾಂಗನೀಸ್ ಹಿತ್ತಾಳೆ. ಬೆರಳು ತಾಗಿದ ಕಡೆ ಕಂದು ಕಲೆ ಬೀಳುತ್ತದೆ. ಹಿತ್ತಾಳೆ ಅಲ್ವಾ ಎಂದು ಹುಣಸೆಹಣ್ಣು ಹಾಕಿ ಉಜ್ಜಿದರೆ ನಾಣ್ಯ ಹಾಳು. ಅಂಚು ಹಿಡಿದೇ ಎತ್ತಿ. ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ.

2016ರಲ್ಲಿ ನಿಕ್ಸನ್, ಫೋರ್ಡ್, ರೇಗನ್ ಬಂದರು. ನಡುವಿನ ಕಾರ್ಟರ್ ಇಲ್ಲ. ತೀರಿಕೊಂಡು ಎರಡು ವರ್ಷವಾಗಿರಬೇಕು ಎಂಬುದು ನಿಯಮ, ಅವರು ಆಗ ಬದುಕಿದ್ದರು. ಹಿರಿಯ ಬುಷ್ ನಾಣ್ಯ 2020ರಲ್ಲಿ ಬಂತು. ಅಲ್ಲಿಗೆ ಒಟ್ಟು 40. ಪಿ, ಡಿ ಎರಡೂ ಬೇಕೆಂದರೆ 80. ನನ್ನ ಬಳಿ ಇವೆರಡೂ ಸಾಲು ಪೂರ್ತಿಯಾಗಿವೆ. ಈಗ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಎಸ್ ಗುರುತಿನ ಪ್ರೂಫ್ ನಾಣ್ಯಗಳನ್ನು, ಅಂದರೆ ಸಂಗ್ರಾಹಕರಿಗೆಂದೇ ಕನ್ನಡಿಯಂತೆ ಹೊಳೆಯುವ ಹಾಗೆ ಒತ್ತಿದವನ್ನು, ಒಂದೊಂದಾಗಿ ಕೂಡಿಸುತ್ತಿದ್ದೇನೆ.