ಭೋರ್ ಘಾಟಿನ ಹಳೇ ರಿವರ್ಸಿಂಗ್ ಸ್ಟೇಷನ್: ಹಳಿ ತುಳಿಯದೆ ನೋಡುವುದು ಹೇಗೆ?

ಮುಂಬಯಿಯ ನಮ್ಮವರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿಗೆ ಹೊರಟರೆ ಕರ್ಜತ್ ಮತ್ತು ಲೋನಾವಳಾ ನಡುವಿನ ಈ ಭೋರ್ ಘಾಟಿ ಹತ್ತಲೇಬೇಕು. ಕಿಟಕಿ ಪಕ್ಕ ಕೂತವರೂ ಮೊಬೈಲ್‌ನಿಂದ ತಲೆ ಎತ್ತುವುದಿಲ್ಲ. ಇದು 1863ರಲ್ಲಿ ರೈಲು ಓಡಾಟ ಶುರುವಾದ ದಾರಿ; ರೈಲು ದಿಕ್ಕು ಬದಲಿಸುತ್ತಿದ್ದ ರಿವರ್ಸಿಂಗ್ ಸ್ಟೇಷನ್ ಇದರಲ್ಲೇ ಇತ್ತು. ಇದನ್ನು ಕಟ್ಟುತ್ತಿದ್ದ ಗುತ್ತಿಗೆದಾರ ಸಾಲೊಮನ್ ಟ್ರೆಡ್ವೆಲ್ 1859ರಲ್ಲಿ ತೀರಿಕೊಂಡಾಗ ಗುತ್ತಿಗೆ ವಹಿಸಿಕೊಂಡವರು ಅವರ ಹೆಂಡತಿ ಆಲಿಸ್. ಸಾವಿರಾರು ಕೂಲಿಗಳು ಇಲ್ಲಿ ಜೀವ ಬಿಟ್ಟರು.

ಲೋನಾವಳಾ ತಲುಪುವುದು ಸುಲಭ. ಮುಂಬಯಿಯಿಂದ ಬೆಳಗಿನ ಇಂದ್ರಾಯಣಿ ಎಕ್ಸ್‌ಪ್ರೆಸ್, ಪುಣೆಯಿಂದ ಲೋನಾವಳಾ ಲೋಕಲ್. ಮುಂಬಯಿಯವರು ಕರ್ಜತ್‌ನಲ್ಲಿ ಎಚ್ಚರವಾಗಿರಿ. ಮುಂದಿನದು 37 ಅಡಿಗೆ ಒಂದಡಿ ಏರುವ ದಾರಿ, ಹಾಗಾಗಿ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಜೋಡಿಸುತ್ತಾರೆ.

ಜನ ಎಡವುವುದು ಆಮೇಲೆ. ಯಾವುದೋ ವಿಡಿಯೋ ನೋಡಿ ಖಂಡಾಲದಿಂದ ಹಳಿ ಹಿಡಿದು ನಡೆಯುತ್ತಾರೆ. ಬೇಡವೇ ಬೇಡ. ಸುರಂಗದೊಳಗೆ ಸರಿದು ನಿಲ್ಲಲು ಜಾಗ ಸಾಲದು. ತಿರುವಿನಾಚೆ ಬರುವ ರೈಲು ಕಾಣುವುದಿಲ್ಲ. ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇನಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವುದೂ ಅಷ್ಟೇ ತಪ್ಪು. 1830ರ ಅಮೃತಾಂಜನ್ ಸೇತುವೆ ಇದ್ದ ಜಾಗದ ಹತ್ತಿರ ರಿವರ್ಸಿಂಗ್ ಸ್ಟೇಷನ್ನಿನ ಹಳೇ ಕಲ್ಲುಕಟ್ಟಡದ ಅವಶೇಷ ಇದೆ. ಬೇರೆಯವರು ಗಾಡಿ ಓಡಿಸಲಿ, ನೀವು ನಿಧಾನವಾಗಿ ನೋಡಿ.

ನೋಡುವ ಮೊದಲು ಆ ಸ್ಟೇಷನ್ನಿನ ಕೆಲಸ ಗೊತ್ತಿರಬೇಕು, ಇಲ್ಲದಿದ್ದರೆ ಸುಮ್ನೆ ಕಲ್ಲು ಕಾಣುತ್ತದೆ, ಅಲ್ವಾ? ಗುಡ್ಡದ ಏಣಿನಲ್ಲಿ ರೈಲು ತಿರುಗುವಷ್ಟು ಜಾಗವಿರಲಿಲ್ಲ. ಹಾಗಾಗಿ ರೈಲು ಸಮತಟ್ಟಾದ ಕಡೆ ಬಂದು ನಿಲ್ಲುತ್ತಿತ್ತು. ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುತ್ತಿದ್ದರು. ಬಾಲವೇ ತಲೆಯಾಗಿ ರೈಲು ಎದುರು ದಿಕ್ಕಿಗೆ ಮೇಲೇರುತ್ತಿತ್ತು. 1920ರ ದಶಕದ ಕೊನೆಗೆ ಹೊಸ ಮಾರ್ಗ ಬಂತು, ಸ್ಟೇಷನ್ ಪಾಳುಬಿತ್ತು.

ಕೊನೆಗೆ ನಾಗಫಣಿ ಎಂಬ ಬಂಡೆಗುಡ್ಡ ಹತ್ತಿ. ಲೋನಾವಳಾದಿಂದ ಆಟೋದಲ್ಲಿ ಕುರವಂಡೆ ಹಳ್ಳಿಗೆ ಹೋಗಿ ಅಲ್ಲಿಂದಲೇ ನಡೆಯಿರಿ, ಅದೇ ಸುಲಭದ ದಾರಿ. ದಾರಿಯಲ್ಲಿ ನೌಕಾಪಡೆಯ ತರಬೇತಿ ಕೇಂದ್ರ ಐಎನ್‌ಎಸ್ ಶಿವಾಜಿ ಸಿಗುತ್ತದೆ, ಅಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ. ತುದಿಯಲ್ಲಿ ನಿಂತರೆ ಕೆಳಗೆ ಎಕ್ಸ್‌ಪ್ರೆಸ್‌ವೇಯೂ ಘಾಟಿಯೂ ಹರಡಿಕೊಳ್ಳುತ್ತವೆ. ಘಾಟಿ ಎಷ್ಟು ಕಡಿದು ಅಂತ ಅರ್ಥವಾಗುವುದು ಅಲ್ಲೇ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ಮಂಜು ಜಾಸ್ತಿ, ಏನೂ ಕಾಣದು. ಹಾದಿಬದಿಯ ತೆಳು ಪ್ಲಾಸ್ಟಿಕ್ ರೇನ್‌ಕೋಟ್ ಕೊಳ್ಳಬೇಡಿ, ಮೊದಲ ಗಾಳಿಗೇ ಹರಿಯುತ್ತದೆ. ಹಗ್ಗದಲ್ಲಿ ಬಂಡೆ ಇಳಿಯುವ ಆಸೆ ಇದ್ದರೆ ಹೆಲ್ಮೆಟ್ ಮತ್ತು ಎರಡನೇ ಸುರಕ್ಷತಾ ಹಗ್ಗ ಕೊಡುವವರ ಜೊತೆ ಮಾತ್ರ ಇಳಿಯಿರಿ. ಉಳಿದವರು ಹತ್ತಿದ ದಾರಿಯಲ್ಲೇ, ಬೆಳಕಿರುವಾಗಲೇ ಕುರವಂಡೆಗೆ ಇಳಿದುಬಿಡಿ.