ಬೆಳಿಗ್ಗೆ ಆರಕ್ಕೆ ತೆರೆಯುವ ಬಾಗಿಲು

ಮಗಳಿಗೆ ಎಂಟು ತಿಂಗಳಾದಾಗ ನಾನು ಆಸ್ಪತ್ರೆಯ ಪ್ರಯೋಗಾಲಯದ ಕೆಲಸಕ್ಕೆ ಮರಳಬೇಕಿತ್ತು. ಪಾಳಿ ಬೆಳಿಗ್ಗೆ ಆರೂವರೆಗೆ. ಓಡಾಡುವ ದಾರಿಯಲ್ಲಿದ್ದ ಶಿಶುಪಾಲನಾ ಕೇಂದ್ರಗಳೆಲ್ಲ ಬಾಗಿಲು ತೆರೆಯುತ್ತಿದ್ದುದು ಒಂಬತ್ತಕ್ಕೆ, ಶುಲ್ಕವೋ ನನ್ನ ಸಂಬಳದ ಅರ್ಧ. “ಅರ್ಧ ಸಂಬಳ ಅಲ್ಲಿಗೇ ಹೋದರೆ ನೀನು ದುಡಿದು ಏನು ಬಂತು?” ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಮಗಳು ಇಬ್ಬರಿಗೂ ಸೇರಿದವಳು, ಶುಲ್ಕವನ್ನು ಮಾತ್ರ ನನ್ನ ಸಂಬಳದಿಂದ ಕಳೆದರು. ನಾನೂ ಹಾಗೆಯೇ ಕಳೆದೆ. ಎರಡೂವರೆ ವರ್ಷ ಮನೆಯಲ್ಲಿದ್ದು ಮರಳಿದಾಗ, ಒಂದು ಕಾಲಕ್ಕೆ ನಾನೇ ಕೆಲಸ ಕಲಿಸಿದ ಹುಡುಗ ನನ್ನ ಮೇಲಧಿಕಾರಿಯಾಗಿದ್ದ. ಕಳೆದುಹೋದ ಬಡ್ತಿ, ವೇತನ ಹೆಚ್ಚಳ, ಕೈಯ ಪಳಗು, ಇವು ಯಾವುವೂ ಆ ದಿನದ ಲೆಕ್ಕದಲ್ಲಿ ಇರಲಿಲ್ಲ.

ಇದೇ ಪಾಡು ಪಟ್ಟ ಇನ್ನೂ ಐವರು ಆಸ್ಪತ್ರೆಯಲ್ಲಿದ್ದರು. ಆರು ಜನ ಸೇರಿ ನಾವೇ ಒಂದು ಕೇಂದ್ರ ನಡೆಸುವುದೆಂದು ನಿಶ್ಚಯಿಸಿದೆವು. ಒಂದು ನೋಟ್‌ಬುಕ್ ಹಿಡಿದು ಎಲ್ಲ ವಿಭಾಗಗಳಿಗೂ ಹೋಗಿ, ತಿಂಗಳಿಗೆ ಎಷ್ಟು ಕೊಡಬಲ್ಲಿರಿ ಎಂದು ಕೇಳಿದೆ. ಉತ್ತರಗಳು ಹೇಗೆ ಬೇಕೋ ಹಾಗೆ ಬಂದವು, ಪ್ರಯೋಜನಕ್ಕೆ ಬರಲಿಲ್ಲ. ಎರಡನೇ ಸುತ್ತಿನಲ್ಲಿ ಪ್ರಶ್ನೆ ಬದಲಿಸಿ, ಮನೆಯಿಂದ ಎಷ್ಟು ಹೊತ್ತಿಗೆ ಹೊರಡುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಕೇಳಿದೆ. ಆ ಎರಡು ಅಂಕಣ ತುಂಬಿದಾಗ ಕೇಂದ್ರದ ಸ್ವರೂಪ ತಾನಾಗಿಯೇ ಕಾಣಿಸಿತು. ನಲವತ್ತು ಹೆಸರುಗಳಲ್ಲಿ ಮೂವತ್ತೊಂದು ಮಂದಿ ಒಂಬತ್ತಕ್ಕೆ ಮೊದಲೇ ಕೆಲಸಕ್ಕೆ ಹಾಜರಾಗಬೇಕಾದವರು. ಶುಲ್ಕ ಎಷ್ಟೇ ಕಡಿಮೆಯಿದ್ದರೂ ಒಂಬತ್ತಕ್ಕೆ ತೆರೆಯುವ ಬಾಗಿಲು ಅವರಿಗೆ ಮುಚ್ಚಿದ ಬಾಗಿಲೇ.

ಹಾಗಾಗಿ ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಎಂದು ಸಮಯ ಗೊತ್ತುಮಾಡಿದೆವು. ನೆಲಮಹಡಿಯ ಎರಡು ಕೋಣೆಗಳಲ್ಲಿ ಹನ್ನೊಂದು ಮಕ್ಕಳೊಂದಿಗೆ ಆರಂಭವಾಯಿತು. ಎರಡು ವರ್ಷದೊಳಗಿನ ಮೂರು ಕೂಸುಗಳಿಗೆ ಒಬ್ಬ ಆರೈಕೆಗಾರ್ತಿ ಎಂಬ ನಿಯಮವನ್ನು ಮೊದಲ ದಿನವೇ ಗೋಡೆಗೆ ಅಂಟಿಸಿದೆ. ಹಣ ಕಡಿಮೆ ಬಿದ್ದಾಗಲೆಲ್ಲ ಕಣ್ಣು ಮೊದಲು ಹೋಗುವುದು ಅದರ ಮೇಲೇ, ಮೂರನ್ನು ಐದು ಮಾಡಿದರೆ ಉಳಿತಾಯ ಕಣ್ಣಿಗೆ ಕಾಣುತ್ತದೆ. ಆದರೆ ಒಂದು ಕೂಸು ಅಳುವಾಗ, ಇನ್ನೊಂದರ ಬಟ್ಟೆ ಬದಲಿಸುವಾಗ, ಮೂರನೆಯದು ಏನನ್ನೋ ಬಾಯಿಗೆ ಹಾಕಿಕೊಳ್ಳುವಾಗ ಇರುವುದು ಎರಡೇ ಕೈ. ಈ ಕೆಲಸವನ್ನು ಯಂತ್ರ ಹಗುರ ಮಾಡಲಾರದು. ನಮ್ಮ ಖರ್ಚಿನ ಮುಕ್ಕಾಲು ಪಾಲು ಸಂಬಳಕ್ಕೇ ಹೋಗುವುದು ಇದರಿಂದ.

ಮೊದಲ ತಪ್ಪು ಸಂಜೆಯ ಹೊತ್ತಿನಲ್ಲಿ ಆಯಿತು. ಏಳು ದಾಟಿದ ಮೇಲೆ ಬರುವವರಿಗೆ ದಂಡ ಹಾಕಿದೆವು. ಕೈಯಲ್ಲಿ ಹಣವಿದ್ದ ಕೆಲವರು ದಂಡ ಕಟ್ಟಿ ಇನ್ನೂ ನಿರಾಳವಾಗಿ ತಡ ಮಾಡತೊಡಗಿದರು. ಇಸ್ರೇಲಿನ ಹೈಫಾದ ಶಿಶುಕೇಂದ್ರಗಳಲ್ಲಿ ದಂಡ ಹಾಕಿದ ಮೇಲೆ ತಡವಾಗಿ ಬರುವವರು ಹೆಚ್ಚಾದರು, ದಂಡ ತೆಗೆದ ಮೇಲೂ ಮೊದಲಿನಂತಾಗಲಿಲ್ಲ ಎಂದು ಅರ್ಥಶಾಸ್ತ್ರಜ್ಞರಾದ ಉರಿ ಗ್ನೀಝಿ ಮತ್ತು ಆಲ್ಡೊ ರುಸ್ಟಿಚಿನಿ 2000ದಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಓದಿದ್ದು ಆಮೇಲೆ. ಆದರೆ ನಮ್ಮಲ್ಲಿ ಇನ್ನೊಂದೂ ನಡೆಯಿತು. ಸ್ವಚ್ಛತಾ ಕೆಲಸದ ಒಬ್ಬ ತಾಯಿ ಎರಡು ಬಾರಿ ದಂಡ ಕಟ್ಟಿ, ಮೂರನೇ ವಾರ ಮಗನನ್ನು ಕಳುಹಿಸಲೇ ಇಲ್ಲ. ಕೆಲಸವನ್ನೂ ಬಿಟ್ಟಿದ್ದರು. ಮನೆ ಹುಡುಕಿಕೊಂಡು ಹೋದೆ. “ನಾನು ತಡ ಮಾಡುವವಳಲ್ಲ ಅಕ್ಕಾ, ಬಸ್ ತಡ ಮಾಡುತ್ತದೆ” ಎಂದರು. ಅವರ ಮಗನ ಚೀಲ ತೂಗುಹಾಕುತ್ತಿದ್ದ ಮೊಳೆ ಒಂದು ತಿಂಗಳು ಖಾಲಿಯಿತ್ತು. ದಂಡ ತೆಗೆದುಹಾಕಿ, ಮುಚ್ಚುವ ಹೊತ್ತನ್ನು ಎಂಟಕ್ಕೆ ಸರಿಸಿ, ಕೊನೆಯ ಒಂದು ಗಂಟೆಗೆ ಬೇರೆ ಪಾಳಿ ಮಾಡಿದೆವು. ಅವರು ಮರಳಿದರು.

ಎರಡನೇ ತಪ್ಪು ನೆನಪಾದರೆ ಈಗಲೂ ಸಂಕಟವಾಗುತ್ತದೆ. ನಮ್ಮ ಮೊದಲ ಆರೈಕೆಗಾರ್ತಿ ಬಹಳ ಜಾಣೆ. ಯಾವ ಮಗು ಯಾವ ಮಗ್ಗುಲಿಗೆ ಮಲಗಿದರೆ ನಿದ್ದೆ ಹೋಗುತ್ತದೆ ಎಂಬುದು ಅವರಿಗೆ ವಾರದೊಳಗೆ ಗೊತ್ತಾಗಿತ್ತು. ನಾಲ್ಕನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಫೋನ್ ಬಂತು, ಕೈಲಿದ್ದ ಕೂಸನ್ನು ನನಗೆ ಕೊಟ್ಟು ಓಡಿದರು. ಅವರಿಗೂ ಎರಡು ವರ್ಷದ ಮಗಳಿದ್ದಳು. ಪಕ್ಕದ ಮನೆಯ ಮುದುಕಿಯ ಬಳಿ ಬಿಟ್ಟುಬರುತ್ತಿದ್ದ ಆ ಮಗು ಮೆಟ್ಟಿಲಿನಿಂದ ಬಿದ್ದಿತ್ತು. ಪುಣ್ಯಕ್ಕೆ ಹಣೆಗೆ ಮೂರು ಹೊಲಿಗೆಯಲ್ಲಿ ಮುಗಿಯಿತು. ನಮ್ಮ ಮಕ್ಕಳನ್ನು ನೋಡಿಕೊಳ್ಳಲು ಆಕೆ ತನ್ನ ಮಗಳನ್ನು ಯಾರದೋ ಕೈಗೆ ಒಪ್ಪಿಸಿ ಬರುತ್ತಿದ್ದರು, ನಾವು ಕೊಡುತ್ತಿದ್ದ ಸಂಬಳದಲ್ಲಿ ನಮ್ಮದೇ ಕೇಂದ್ರದ ಶುಲ್ಕ ಕಟ್ಟಲು ಅವರಿಂದ ಸಾಧ್ಯವಿರಲಿಲ್ಲ. ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಡಿಮೆ ಶುಲ್ಕದ ಹೊರೆಯನ್ನು ಹೊತ್ತವರು ಅವರು. ಮರುದಿನದಿಂದಲೇ ಆರೈಕೆಗಾರ್ತಿಯರ ಮಕ್ಕಳಿಗೆ ಶುಲ್ಕವಿಲ್ಲ ಎಂದಾಯಿತು. ಸಂಬಳ ಏರಿಸಲು ಐದು ತಿಂಗಳು ಹಿಡಿಯಿತು.

ಆ ಹಣ ಬರಬೇಕಾದುದು ಎಲ್ಲಿಂದ? ಶುಲ್ಕವನ್ನು ತಂದೆತಾಯಿ ಇಬ್ಬರ ಒಟ್ಟು ಆದಾಯದ ನೂರಕ್ಕೆ ಎಂಟು ಎಂದು ಮಾಡಿದೆವು. ತಂದೆಯ ಸಂಬಳದ ಚೀಟಿ ಕೇಳಿದ್ದಕ್ಕೆ ಕೆಲವು ಮನೆಗಳಲ್ಲಿ ಮಾತು ಬೆಳೆಯಿತು, ನಾವು ಬಗ್ಗಲಿಲ್ಲ. ಆದರೂ ಕೊರತೆ ಉಳಿಯಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ದಿನಕ್ಕೆ 5 ಡಾಲರ್ ಎಂಬ ಏಕರೂಪ ಶುಲ್ಕ ತಂದಾಗ ಉಳಿದ ವೆಚ್ಚವನ್ನು ಸರ್ಕಾರ ಹೊತ್ತಿತು. ಚಿಕ್ಕ ಮಕ್ಕಳ ತಾಯಂದಿರು ಹೆಚ್ಚಿನ ಸಂಖ್ಯೆಯಲ್ಲಿ ಉದ್ಯೋಗಕ್ಕೆ ಬಂದರು, ಜಾಗ ಸಾಲದೆ ಕಾಯುವವರ ಪಟ್ಟಿಯೂ ಬೆಳೆಯಿತು. ನಮ್ಮ ಹಿಂದೆ ಅಂಥ ಸರ್ಕಾರ ಇರಲಿಲ್ಲ, ಎದುರಿಗೆ ಆಸ್ಪತ್ರೆಯ ಆಡಳಿತ ಮಂಡಳಿ ಇತ್ತು. ಅವರ ಮುಂದೆ ತಾಯ್ತನದ ಮಾತು ಎತ್ತದೆ, ಒಂದೇ ಹಾಳೆ ಇಟ್ಟೆ. ಹೆರಿಗೆಯ ನಂತರ ಕೆಲಸ ಬಿಟ್ಟವರು ಎಷ್ಟು ಮಂದಿ, ಅವರ ಜಾಗಕ್ಕೆ ಬಂದವರಿಗೆ ತರಬೇತಿ ಎಷ್ಟು ತಿಂಗಳು ಹಿಡಿಯಿತು, ಅಷ್ಟು ದಿನ ಹೆಚ್ಚುವರಿ ಪಾಳಿಗೆ ಎಷ್ಟು ಹಣ ಹೋಯಿತು, ಇಷ್ಟೇ ಅದರಲ್ಲಿದ್ದುದು. ಮೂರನೇ ಸಭೆಯಲ್ಲಿ ಬಾಡಿಗೆ ಮತ್ತು ವಿದ್ಯುತ್ ವೆಚ್ಚವನ್ನೂ ಪ್ರತಿ ಮಗುವಿಗೆ ಒಂದಿಷ್ಟು ಹಣವನ್ನೂ ಕೊಡಲು ಒಪ್ಪಿದರು.

ಈಗ ಇಪ್ಪತ್ತಾರು ಮಕ್ಕಳಿದ್ದಾರೆ. ರಾತ್ರಿ ಪಾಳಿಯ ದಾದಿಯರಿಗೆ ಮಾತ್ರ ನಾವಿನ್ನೂ ಒದಗಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1943ರಲ್ಲಿ, ಅಮೆರಿಕದ ಪೋರ್ಟ್‌ಲೆಂಡ್‌ನ ಕೈಸರ್ ಹಡಗುಕಟ್ಟೆಗಳ ದ್ವಾರದ ಬಳಿಯೇ ದಿನದ 24 ಗಂಟೆಯೂ ತೆರೆದಿರುವ ಮಕ್ಕಳ ಕೇಂದ್ರಗಳನ್ನು ಕಟ್ಟಿದ್ದರು. ತಾಯಂದಿರು ಪಾಳಿ ಮುಗಿಸಿ ಮಗುವಿನ ಜೊತೆಗೆ ಬೇಯಿಸಿದ ಊಟವನ್ನೂ ಕೊಂಡು ಮನೆಗೆ ಒಯ್ಯಬಹುದಿತ್ತು. ಯುದ್ಧ ಮುಗಿದೊಡನೆ ಅವನ್ನು ಮುಚ್ಚಿದರು. ಹಡಗು ಕಟ್ಟುವ ಅವಸರಕ್ಕೆ ಆಗ ಸಾಧ್ಯವಾದದ್ದು ರೋಗಿಗಳನ್ನು ನೋಡಿಕೊಳ್ಳುವವರಿಗೆ ಈಗ ಸಾಧ್ಯವಾಗಬೇಕು ಎಂದು ಆಡಳಿತ ಮಂಡಳಿಗೆ ಮತ್ತೆ ಬರೆದಿದ್ದೇನೆ. ನನ್ನ ನೋಟ್‌ಬುಕ್ಕಿನಲ್ಲಿ ರಾತ್ರಿಯ ಅಂಕಣಕ್ಕೆ ಒಂಬತ್ತು ಹೆಸರು ಬಂದಿವೆ. ಇಬ್ಬರು ಆರೈಕೆಗಾರ್ತಿಯರು ಒಪ್ಪಿದ್ದಾರೆ, ಮೂರನೆಯವರನ್ನು ಹುಡುಕುತ್ತಿದ್ದೇವೆ.