ಬೆಂಚು ತಿರುಗಿಸಿದ್ದು

ನಾನು ದಾವಣಗೆರೆಯ ಒಂದು ಚಿಕ್ಕ ಚರ್ಚಿನ ಖಜಾಂಚಿ. ಲೆಕ್ಕ ಬರೆಯುವ ಚಟ. ಒಂದು ದಿನ ಸುಮ್ನೆ ಕೂತು ಇನ್ನೊಂದು ಲೆಕ್ಕ ಹಾಕಿದೆ. ವಾರಕ್ಕೆ 168 ಗಂಟೆ. ಭಾನುವಾರದ ಆರಾಧನೆ, ಸಂಡೇ ಸ್ಕೂಲು, ಬುಧವಾರದ ಪ್ರಾರ್ಥನೆ, ಶನಿವಾರದ ಹಾಡಿನ ಪ್ರಾಕ್ಟೀಸು, ಎಲ್ಲ ಸೇರಿ ಆರು ಗಂಟೆ. ಮಿಕ್ಕ 162 ಗಂಟೆ ಬಾಗಿಲಿಗೆ ಬೀಗ. ಆ ಬೀಗ ಹಾಕಿದ ಕಟ್ಟಡಕ್ಕೇ ವರ್ಷಾ ವರ್ಷ ಹೆಂಚು ರಿಪೇರಿ, ಸುಣ್ಣ.

ಈ ಖಾಲಿ ಹೊತ್ತಿಗೆ ಏನಾದರೂ ಮಾಡೋಣ ಅಂತ ಹೊರಟು ಮೊದಲು ಎಡವಿದೆವು. ಯಾರನ್ನೂ ಕೇಳದೆ ಕಮಿಟಿಯಲ್ಲೇ ತೀರ್ಮಾನ ಮಾಡಿ ಹೊಲಿಗೆ ತರಬೇತಿ ಶುರು ಮಾಡಿದೆವು. ಎರಡು ಮಷಿನ್ ಬಂದವು. ಕಲಿಯೋಕೆ ಬಂದವರು ನಮ್ಮ ಸ್ತ್ರೀಯರ ಕೂಟದ ಮೂವರೇ. ಮೂವರಿಗೂ ಹೊಲಿಗೆ ಮೊದಲೇ ಬರುತ್ತಿತ್ತು!

ಆಮೇಲೆ ಬುದ್ಧಿ ಬಂತು. ಸಂಜೆ ಹೊತ್ತು ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆ ನಿಂತು ಹುಡುಗರನ್ನು ಮಾತಾಡಿಸಿದೆ. ದಾವಣಗೆರೆ ಅಂದರೆ ಎಲ್ಲರೂ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜು ಅಂತಾರೆ. ಜಗಳೂರು, ಚನ್ನಗಿರಿ ಕಡೆ ಹಳ್ಳಿಗಳಿಂದ ಬಂದು ಪೊಲೀಸ್, ಎಫ್‌ಡಿಎ ಪರೀಕ್ಷೆಗೆ ಓದೋ ಮಕ್ಕಳು ಯಾರ ಕಣ್ಣಿಗೂ ಬೀಳಲ್ಲ. ಒಂದು ರೂಮಲ್ಲಿ ನಾಲ್ಕು ಜನ. ಏಪ್ರಿಲ್ ಬಿಸಿಲಿಗೆ ಆರ್‌ಸಿಸಿ ಛಾವಣಿ ಹಂಚಿನ ಹಾಗೆ ಕಾಯುತ್ತೆ. ‘ಕೂರೋಕೆ ಜಾಗ, ಒಂದು ಪ್ಲಗ್ಗು ಇದ್ರೆ ಸಾಕ್ರಿ ಅಂಕಲ್’ ಅಂದರು. ಹುಡುಗಿಯರು ಇನ್ನೊಂದು ಸೇರಿಸಿದರು: ಒಳಗಿಂದ ಚಿಲಕ ಇರೋ ಟಾಯ್ಲೆಟ್ಟು.

ಚರ್ಚನ್ನೇ ಇವರಿಗೆ ಓದೋಕೆ ಬಿಡೋಣ ಅಂತ ಕಮಿಟಿಯಲ್ಲಿ ಹೇಳಿದರೆ ಗಲಾಟೆ. ‘ಆರಾಧನೆ ಮಾಡೋ ಜಾಗದಲ್ಲಿ ಮೊಬೈಲ್ ಚಾರ್ಜಿಗೆ ಹಾಕ್ತಾರೇನ್ರಿ?’ ನಾನು ಇತಿಹಾಸ ತೆಗೆದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ತಂದ ಮೋಗ್ಲಿಂಗ್ ಮಿಷನರಿ ಅಲ್ವಾ? 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್? ಓದು-ಬರಹ ನಮಗೆ ಹೊರಗಿನದ್ದಾ? ಒಬ್ಬ ಹಿರಿಯರು ತಣ್ಣಗೆ ಅಂದರು: ‘ಪತ್ರಿಕೆ ಅಚ್ಚಾಗಿದ್ದು ಪ್ರೆಸ್ಸಿನಲ್ಲಿ, ದೇವಾಲಯದಲ್ಲಿ ಅಲ್ಲಪ್ಪ.’ ನನ್ನ ಬಾಯಿ ಬಂದ್. ದಾರಿ ತೋರಿಸಿದ್ದು ಮೂಲೆಯಲ್ಲಿ ಕೂತಿದ್ದ ಅಜ್ಜಿ. ‘ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಉಣ್ಣೋಕಿಟ್ಟು ಓದಿಸ್ತಾರೆ. ನಿಮ್ಮ ಕೈಲಿ ಬೆಂಚು ಕೊಡೋಕೂ ಆಗಲ್ವೇನ್ರಪ್ಪಾ?’

ಆದರೆ ತೊಡಕು ಆ ಬೆಂಚಿನದ್ದೇ. ಹಳೇ ತೇಗದ ಬೆಂಚುಗಳು, ನೆಲಕ್ಕೆ ಸ್ಕ್ರೂ ಹೊಡೆದು ಕೂರಿಸಿದ್ದು. ಎಷ್ಟೋ ಬೆಂಚಿನ ಬೆನ್ನಿಗೆ ‘ತಂದೆಯವರ ನೆನಪಿಗಾಗಿ’ ಅಂತ ಹಿತ್ತಾಳೆ ತಗಡು. ಮಾರಿ ಪ್ಲಾಸ್ಟಿಕ್ ಕುರ್ಚಿ ತರೋಣ ಅಂದ ಯುವಕನ ಜೊತೆ ಒಂದು ಮನೆಯವರು ಮಾತು ಬಿಟ್ಟರು. ಅವರ ಸಿಟ್ಟು ನ್ಯಾಯವೇ. ಕೊನೆಗೆ ಬಡಗಿ ಬಗೆಹರಿಸಿದ. ಸ್ಕ್ರೂ ಬಿಚ್ಚಿದ, ಕಾಲಿಗೆ ರಬ್ಬರ್ ಬಡಿದ, ಬೆಂಚುಗಳನ್ನು ಎದುರುಬದುರು ತಿರುಗಿಸಿದ. ನಡುವೆ ಮೇಜು. ಎಂಟಕ್ಕೆ ನಾಲ್ಕಡಿಯ 19 ಎಂಎಂ ಪ್ಲೈವುಡ್ ಉದ್ದಕ್ಕೆ ಸೀಳಿದರೆ ಎರಡು ಮೇಜು. ಐದು ಹಾಳೆಗೆ ಹತ್ತಾಯಿತು, ಮಡಚೋ ಕಾಲು ಬೇರೆ. ಒಂದಕ್ಕೆ ನಾಲ್ಕು ಜನ ಆರಾಮಾಗಿ ಕೂರಬಹುದು. ತಗಡುಗಳು ಹಾಗೇ ಇವೆ.

ದೀಪ ಎತ್ತರದಲ್ಲಿದ್ದವು, ಪುಸ್ತಕದ ಮೇಲೆ ತಲೆಯ ನೆರಳು ಬೀಳುತ್ತಿತ್ತು. ವೈರ್ ಬಿಟ್ಟು ಕೆಳಕ್ಕೆ ಇಳಿಸಿದೆವು. ಖರ್ಚಾಗಿದ್ದು ಜಾಸ್ತಿ ಟಾಯ್ಲೆಟ್ಟಿಗೆ. ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆ ಹರಾಜು ಹಾಕಿ ಬಂದ ದುಡ್ಡೆಲ್ಲ ಅಲ್ಲಿಗೇ ಹೋಯಿತು.

ಬೀದಿಯಲ್ಲಿ ಗುಸುಗುಸು ಇತ್ತು: ಓದೋಕೆ ಕರೆದು ಮತಾಂತರ ಮಾಡ್ತಾರೆ ಅಂತ. ಕರಪತ್ರ ಇಡೋದು ಬೇಡ, ಹೆಸರು-ಊರು ಬಿಟ್ಟು ಏನೂ ಕೇಳೋದು ಬೇಡ, ಓದೋ ಹೊತ್ತಿನಲ್ಲಿ ಪ್ರಾರ್ಥನೆಗೆ ಕರೆಯೋದೂ ಬೇಡ ಅಂತ ಬರೆದು ಗೋಡೆಗೆ ಅಂಟಿಸಿದೆವು. ನಮ್ಮವರಲ್ಲೇ ಕೆಲವರಿಗೆ ಇದು ಇನ್ನೂ ಜೀರ್ಣವಾಗಿಲ್ಲ. ನಮ್ಮ ಪಾದ್ರಿ ಅಯ್ಯನವರು ಮಾತ್ರ ಪಟ್ಟು ಬಿಡಲಿಲ್ಲ.

ಮೊದಲ ವರ್ಷ ಶುಭ ಶುಕ್ರವಾರ ನಾನೇ ಎಡವಟ್ಟು ಮಾಡಿದೆ. ಓದಲು ಇಲ್ಲ ಅಂತ ಮೊದಲೇ ಹೇಳಿರಲಿಲ್ಲ. ಬ್ಯಾಗು ಹೊತ್ತು ಬಂದವರು ಗೇಟಿನಿಂದಲೇ ವಾಪಸ್. ಒಬ್ಬ ಹುಡುಗ ಮಾತ್ರ ಕೊನೆ ಬೆಂಚಿನಲ್ಲಿ ಕೂತ. ಮೂರು ಗಂಟೆ ಕಾಲ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ ನಡೆಯಿತು. ಅವನ ತೊಡೆ ಮೇಲೆ ಸಂವಿಧಾನದ ಗೈಡು ತೆರೆದೇ ಇತ್ತು. ಯಾರೂ ಏನೂ ಅನ್ನಲಿಲ್ಲ.

ಈಗ ಬಾಗಿಲಿಗೆ ಕ್ಯಾಲೆಂಡರ್ ತೂಗುಹಾಕಿದ್ದೇನೆ, ಮುಚ್ಚುವ ದಿನಕ್ಕೆ ಕೆಂಪು ಗುರುತು. ಸಾವಿಗೆ ಮಾತ್ರ ಮುಂಚೆ ಗುರುತು ಹಾಕೋಕಾಗಲ್ಲ. ಮೊನ್ನೆ ಮಧ್ಯಾಹ್ನ ಹಾಗೇ ಫೋನ್ ಬಂತು, ಸಂಜೆ ನಾಲ್ಕಕ್ಕೆ ಶವಸಂಸ್ಕಾರದ ಆರಾಧನೆ. ಯಾರನ್ನು ಕರೆಯಲಿ ಅಂತ ಯೋಚಿಸುತ್ತಾ ನಾನು ಬಂದು ನೋಡಿದರೆ ಮೇಜು ಮಡಚಿ ಗೋಡೆಗೆ ಒರಗಿಸಿಯಾಗಿತ್ತು. ಓದುತ್ತಿದ್ದವರೇ ಬೆಂಚು ತಿರುಗಿಸುತ್ತಿದ್ದರು.